ಎರೆಮಣ್ಣಿನ ಎತ್ತು, ಹಿಟ್ಟಿನ ಗುಬ್ಬಿ: ಕೂಸಿನ ಆಟಕ್ಕೂ ಒಂದು ಇತಿಹಾಸ

ಮುಂಗಾರಿನ ಮೊದಲ ಮಳೆ ಬಿದ್ದು ಎರೆಹೊಲ ಹದಗೊಳ್ಳುವ ಹೊತ್ತಿಗೆ ಜ್ಯೇಷ್ಠ ಮಾಸದ ಅಮಾವಾಸ್ಯೆ ಬರುತ್ತದೆ. ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗದಲ್ಲಿ ಕುಂದಗೋಳ ದಾಟಿದ ಮೇಲೆ ಸಿಗುವ ಸಂಶಿ, ಅದರಾಚೆಯ ಗುಡಗೇರಿ ಹಾಗೂ ಸುತ್ತಲಿನ ಹಳ್ಳಿಗಳಿಗೆ ಅದು ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು, ಅವುಗಳ ಮುಂದೊಂದು ಮಣ್ಣಿನ ಗೋದಲಿ ಸಿದ್ಧವಾಗುತ್ತವೆ. ಹಿರಿಯರು ಎತ್ತಿಗೆ ಕೋಡು ಮೂಡಿಸುತ್ತಿರುವಾಗ ಮಗ್ಗುಲಲ್ಲಿ ಕುಳಿತ ಎರಡು ವರ್ಷದ ಕೂಸಿಗೂ ಒಂದು ಹಿಡಿ ಮಣ್ಣು ಸಿಗುತ್ತದೆ. ಹಿರಿಯರ ಕೈಯಲ್ಲಿ ಎತ್ತಾಗುವ ಮಣ್ಣು ಕೂಸಿನ ಕೈಯಲ್ಲಿ ಉಂಡೆಯಾಗುತ್ತದೆ, ಹಾವಾಗುತ್ತದೆ, ರೊಟ್ಟಿಯಾಗುತ್ತದೆ, ಮತ್ತೆ ಉಂಡೆಯಾಗುತ್ತದೆ.

ಒಂದರಿಂದ ಮೂರು ವರ್ಷದ ಮಕ್ಕಳಿಗೆ ಮನೆಯಲ್ಲಿ ಯಾವ ಆಟ ಆಡಿಸಬೇಕು ಎಂಬುದು ಇಂದು ಪಟ್ಟಣದ ತಂದೆತಾಯಿಗಳಿಗೆ ದೊಡ್ಡ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರವಾಗಿ ಬಣ್ಣದ ಹಿಟ್ಟಿನ ಡಬ್ಬಿ, ಒಂದರೊಳಗೊಂದು ಕೂಡುವ ಬಟ್ಟಲು, ಪೋಣಿಸುವ ಮಣಿ ಮುಂತಾದವು ಅಂಗಡಿಗಳಲ್ಲಿ ಮಾರಾಟಕ್ಕಿವೆ. ಇವೆಲ್ಲ ಹೊಸ ಕಾಲದ ಕೊಡುಗೆ ಎಂದು ತೋರಿದರೂ ಇವುಗಳ ಮೂಲ ರೂಪಗಳು ಎರೆನಾಡಿನ ಅಡುಗೆಮನೆ ಹಾಗೂ ಅಂಗಳಗಳಲ್ಲಿ ಬಹು ಹಿಂದಿನಿಂದಲೂ ಇದ್ದವು. ಅವು ಬಳಕೆಯಲ್ಲಿ ಉಳಿದು ಬಂದುದು ಹೇಗೆ, ಈಗ ಸಡಿಲಗೊಳ್ಳುತ್ತಿರುವುದು ಏಕೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಆಟಿಕೆಯೋ, ದೇವರೋ?

ಆಟಿಕೆಗಳ ಇತಿಹಾಸ ಮಣ್ಣಿನಿಂದಲೇ ಆರಂಭವಾಗುತ್ತದೆ. 1920ರ ದಶಕದಲ್ಲಿ ಹರಪ್ಪ ಮತ್ತು ಮೊಹೆಂಜೊದಾರೊಗಳಲ್ಲಿ ಉತ್ಖನನ ನಡೆದಾಗ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು, ಹಕ್ಕಿಯಾಕಾರದ ಸೀಟಿಗಳು, ಒಳಗೆ ಹರಳಿಟ್ಟ ಗಿಲಕಿಗಳು ದೊರೆತವು. ಕರ್ನಾಟಕದಲ್ಲಿಯೂ ರಾಯಚೂರು ಭಾಗದ ನವಶಿಲಾಯುಗದ ನೆಲೆಗಳಲ್ಲಿ ಡುಬ್ಬವುಳ್ಳ ಎತ್ತಿನ ಮಣ್ಣಿನ ಗೊಂಬೆಗಳು ಸಿಕ್ಕಿವೆ. ಇವು ಪೂಜೆಯ ವಸ್ತುಗಳೋ ಮಕ್ಕಳ ಆಟಿಕೆಗಳೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಎರೆನಾಡಿನ ರೂಢಿಯನ್ನು ಬಲ್ಲವರಿಗೆ ಈ ಪ್ರಶ್ನೆಯೇ ತುಸು ವಿಚಿತ್ರವೆನಿಸೀತು. ಏಕೆಂದರೆ ಇಲ್ಲಿ ಬೆಳಗ್ಗೆ ಪೂಜೆಗೊಂಡ ಮಣ್ಣೆತ್ತು ಮರುದಿನ ಮಕ್ಕಳ ಕೈಗೆ ಬರುತ್ತದೆ. ಕಾಲು ಮುರಿದ ಕುಂಟೆತ್ತನ್ನು ಹಿಡಿದು ಹುಡುಗರು ಮನೆಮನೆಗೆ ಹೋಗಿ ಜೋಳ ಬೇಡುವ ಪದ್ಧತಿಯೂ ಉತ್ತರ ಕರ್ನಾಟಕದಲ್ಲಿದೆ. ದೇವರಿಗೂ ಆಟಿಕೆಗೂ ನಡುವೆ ಇರುವ ಅಂತರ ಒಂದೇ ರಾತ್ರಿಯದು.

ಸಂಸ್ಕೃತ ನಾಟಕಗಳಲ್ಲಿ ಹೆಸರಾದ ಶೂದ್ರಕನ 'ಮೃಚ್ಛಕಟಿಕ'ಕ್ಕೆ ಆ ಹೆಸರು ಬಂದುದೇ ಒಂದು ಮಣ್ಣಿನ ಆಟದ ಬಂಡಿಯಿಂದ. ಬಡತನಕ್ಕಿಳಿದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುತ್ತಾನೆ. ಮನೆಯ ದಾಸಿ ರದನಿಕೆ ಮಣ್ಣಿನ ಬಂಡಿ ಮಾಡಿಕೊಟ್ಟರೂ ಅವನಿಗೆ ಸಮಾಧಾನವಿಲ್ಲ. ಕೊನೆಗೆ ವಸಂತಸೇನೆ ತನ್ನ ಒಡವೆಗಳನ್ನೇ ಆ ಬಂಡಿಯಲ್ಲಿ ತುಂಬುತ್ತಾಳೆ. ಮನೆಯಲ್ಲಿ ಮಾಡಿದ ಆಟಿಕೆ ಮತ್ತು ಕೊಂಡು ತಂದ ಆಟಿಕೆಗಳ ಜಗಳ ಇಂದು ನಿನ್ನೆಯದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆದರೂ ಪುಸ್ತಕಗಳಲ್ಲಿ ಕೂಸುಗಳ ಆಟಕ್ಕೆ ಸಿಕ್ಕ ಜಾಗ ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ವಿನೋದಗಳಿಗೆ ಹಾಗೂ ಕ್ರೀಡೆಗಳಿಗೆ ಪ್ರತ್ಯೇಕ ಭಾಗಗಳೇ ಇವೆ. ಒಲೆಯ ಮುಂದೆ ಕೂಸು ಆಡುತ್ತಿದ್ದ ಆಟವನ್ನು ಬರೆದಿಡುವವರು ಇರಲಿಲ್ಲ. ಅದು ಉಳಿದದ್ದು ಹೆಣ್ಣುಮಕ್ಕಳ ಹಾಡಿನಲ್ಲಿ, ಹಬ್ಬದ ಆಚರಣೆಯಲ್ಲಿ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಕೂಸಿನ ಆಟ, ಅಳು, ಹಟಗಳು ಅಚ್ಚಿನ ಮನೆಗೆ ಬಂದ ಮೊದಲ ಮುಖ್ಯ ಸಂದರ್ಭಗಳಲ್ಲೊಂದು.

ಪಂಚಾಂಗದಲ್ಲಿಯೇ ಆಟ

ಎರೆನಾಡಿನ ಹಬ್ಬಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಳೆಗಾಲದುದ್ದಕ್ಕೂ ಮಣ್ಣಿನ ಕೆಲಸ ನಡೆದೇ ಇರುವುದು ಕಾಣುತ್ತದೆ. ಮಣ್ಣೆತ್ತು ಮುಗಿದೊಡನೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ಹುಡುಗಿಯರು ಮಣ್ಣು ತಂದು, ಕಲಸಿ, ಗುಳ್ಳವ್ವನನ್ನು ಮಾಡಿ, ಜೋಳ, ಕುಸುಬಿ, ಗುಲಗಂಜಿಗಳಿಂದ ಸಿಂಗರಿಸುತ್ತಾರೆ. ಶ್ರಾವಣದ ನಾಗರ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಜೋಕುಮಾರ. ಎಣಿಸಿದರೆ ಐದು ಮಣ್ಣಿನ ದೇವರು.

ಪಂಚಮಿಗೆ ಜೋಕಾಲಿಯ ಜೊತೆಗೆ ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ತಿರುಗಿಸುವ ಆಟವೂ ಇರುತ್ತದೆ. ದೀಪಾವಳಿಗೆ ಸಗಣಿಯ ಪಾಂಡವರು, ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆಯ ಆರತಿ. ಆನೆ, ಒಂಟೆ, ತೇರಿನ ಆಕಾರದ ಸಕ್ಕರೆ ಗೊಂಬೆಗಳು ಆರತಿ ಮುಗಿದ ಮೇಲೆ ಮಕ್ಕಳ ಬಾಯಿಗೇ ಸೇರುತ್ತವೆ.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಇವುಗಳಲ್ಲಿ ಯಾವುದೂ ವರ್ಷಗಟ್ಟಲೆ ಉಳಿಯುವ ವಸ್ತುವಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕು ಒಣಗಿದ ಎತ್ತಿನ ಮೈಯಲ್ಲಿಯೂ ಕಾಣುತ್ತದೆ. ಆದುದರಿಂದ ಪ್ರತಿವರ್ಷವೂ ಹೊಸದಾಗಿ ಮಾಡಲೇಬೇಕು. ಗೊಂಬೆ ಉಳಿಯದಿದ್ದುದರಿಂದಲೇ ಗೊಂಬೆ ಮಾಡುವ ಕೈಕೆಲಸ ಉಳಿಯಿತು. ಹಿಂದಿನ ವರ್ಷ ಮಣ್ಣನ್ನು ಬರಿದೆ ಹಿಸುಕಿದ ಕೂಸು ಈ ವರ್ಷ ಗೋದಲಿ ಮಾಡುತ್ತದೆ, ಮುಂದಿನ ವರ್ಷ ಎತ್ತಿಗೆ ಕಾಲು ಹಚ್ಚುತ್ತದೆ.

ಒಲೆಯ ಮುಂದಿನ ಕಲಿಕೆ

ಹಬ್ಬವಿಲ್ಲದ ದಿನಗಳಲ್ಲಿಯೂ ಆಟಕ್ಕೆ ಕೊರತೆಯಿರಲಿಲ್ಲ. ಆಟ ಶುರುವಾಗುವುದು ತೊಟ್ಟಿಲಿನಿಂದ. ಇದೇ ಜಿಲ್ಲೆಯ ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ಕಟ್ಟಿಗೆಗೆ ಅರಗಿನ ಬಣ್ಣ ಹಚ್ಚಿ ಪುರಾಣದ ಚಿತ್ರ ಬರೆದ ಈ ತೊಟ್ಟಿಲು ತವರಿನ ಉಡುಗೊರೆಯಾಗಿ ಬರುವುದುಂಟು. ಆದರೆ ಅದು ಉಳ್ಳವರ ಮಾತು. ಉಳಿದವರ ಮನೆಯಲ್ಲಿ ಜಂತಿಗೆ ಕಟ್ಟಿದ ಹಳೆಯ ಸೀರೆಯೇ ತೊಟ್ಟಿಲು, ಅದರ ಮೇಲೆ ತೂಗುವ ಅರಿವೆಯ ಗಿಣಿಯೇ ಆಟಿಕೆ.

ಕೂಸು ಕೂಡಲು ಕಲಿತ ಮೇಲೆ ಅಡುಗೆಮನೆಯೇ ಆಟದ ಮನೆ. ರೊಟ್ಟಿ ಬಡಿಯುವ ತಾಯಿ ನಾದಿದ ಜೋಳದ ಹಿಟ್ಟಿನಿಂದ ಒಂದು ಚಿಕ್ಕ ಉಂಡೆ ಹರಿದು ಕೂಸಿಗೆ ಕೊಡುತ್ತಾಳೆ. ಅದಕ್ಕೆ ಚುಂಚು ಎಳೆದರೆ ಗುಬ್ಬಿ, ಬಡಿದರೆ ಪುಟ್ಟ ರೊಟ್ಟಿ. ಸಾವಕಾಶ ಸಿಕ್ಕರೆ ಅದೂ ಹಂಚಿನ ಮೇಲೆ ಬೆಂದು ಬರುತ್ತದೆ. ಸೇರು, ಅಚ್ಚೇರು, ಪಾವುಗಳಂಥ ಹಳೆಯ ಅಳತೆಯ ಮಾಪುಗಳು ಒಂದರೊಳಗೊಂದು ಕೂಡುತ್ತವೆ. 1958ರಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಬಂದು ಇವು ಅಂಗಡಿಯಿಂದ ಹೊರಬಿದ್ದರೂ ಮನೆಗಳಲ್ಲಿ ಉಳಿದು ಕೂಸುಗಳ ಕೈಗೆ ಸಿಕ್ಕವು. ದೊಡ್ಡದರಲ್ಲಿ ಚಿಕ್ಕದು ಕೂಡುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂಡುವುದಿಲ್ಲ ಎಂಬ ಲೆಕ್ಕವನ್ನು ಕೂಸು ಅಲ್ಲಿಯೇ ಕಲಿಯುತ್ತದೆ.

ತಾಯಿ ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟವನ್ನು ನೋಡಿ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ತಿಳಿವಳಿಕೆ ಕೂಸಿಗೆ ಹುಟ್ಟಿನಿಂದ ಬರುವುದಿಲ್ಲ, ಅನುಭವದಿಂದ ಮೆಲ್ಲಮೆಲ್ಲನೆ ಮೂಡುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ವಿವರಿಸಿದ. ಸೆರಗಿನ ಆಟ ಅದನ್ನೇ ನಗುನಗುತ್ತ ಕಲಿಸುತ್ತದೆ. ಹಳೆಯ ಸೀರೆಯ ತುಂಡಿನ ಅರಿವೆ ಗೊಂಬೆ, ಜೋಳದ ದಂಟಿನ ಸಿಪ್ಪೆ ಮತ್ತು ಬೆಂಡುಗಳನ್ನು ಚುಚ್ಚಿ ಕೂಡಿಸಿದ ಬಂಡಿ, ಕೂಸು ಹಿಡಿದು ನಡೆಯಲು ಮೂರು ಗಾಲಿಯ ಕಟ್ಟಿಗೆಯ ಬಂಡಿ ಇವು ಮುಂದಿನ ಮೆಟ್ಟಿಲುಗಳು. ಚನ್ನಪಟ್ಟಣದ ಇಲ್ಲವೆ ಕೊಪ್ಪಳ ಬಳಿಯ ಕಿನ್ನಾಳದ ಬಣ್ಣದ ಗೊಂಬೆ ಮನೆಗೆ ಬರುವುದು ಜಾತ್ರೆಗೋ ಪ್ರವಾಸಕ್ಕೋ ಹೋದಾಗ ಮಾತ್ರ.

ಹಳೆಯದೆಲ್ಲವೂ ನಿರಪಾಯವೆಂದಲ್ಲ. ಗುಳ್ಳವ್ವನ ಸಿಂಗಾರಕ್ಕೆ ಬಳಸುವ ಗುಲಗಂಜಿ ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ ತರುವ ವಿಷ ಅದರಲ್ಲಿದೆ. ಹುಣಸೆ ಬೀಜ, ಕಡಲೆ, ಮಣಿಗಳು ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಮೂರು ವರ್ಷದೊಳಗಿನ ಮಕ್ಕಳಿಗೆ ಬಾಯಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತು ಕೊಡಬಾರದು.

ಅಂಗಳದಿಂದ ಶಾಲೆಗೆ

ಕೂಸಿನ ಆಟವೇ ಅದರ ಓದು ಎಂಬ ಮಾತಿಗೆ ಶಿಕ್ಷಣಶಾಸ್ತ್ರದಲ್ಲಿ ಸ್ಥಾನ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಎಳೆಯರ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಅವನು ಮಕ್ಕಳಿಗೆ ಕೊಟ್ಟದ್ದು ಉಣ್ಣೆಯ ಚೆಂಡು, ಕಟ್ಟಿಗೆಯ ತುಂಡು. ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ 'ಮಕ್ಕಳ ಮನೆ' ಆರಂಭಿಸಿ, ಸುರಿಯುವ, ಜೋಡಿಸುವ, ಒರೆಸುವ ಮನೆಗೆಲಸಗಳನ್ನೇ ಕಲಿಕೆಯ ಸಾಧನವಾಗಿಸಿದರು. 1939ರಲ್ಲಿ ಮದರಾಸಿಗೆ ಬಂದ ಅವರು ಯುದ್ಧದ ಕಾಲವನ್ನು ಭಾರತದಲ್ಲಿಯೇ ಕಳೆದು 1946ರಲ್ಲಿ ಯುರೋಪಿಗೆ ಮರಳಿದರು.

ಅವರಿಗಿಂತ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ದುಬಾರಿ ಸಾಧನಗಳ ಬದಲು ಕಲ್ಲು, ಎಲೆ, ಮಣ್ಣು, ಬೀಜಗಳನ್ನೇ ಬಳಸಿ, ಮಕ್ಕಳು ಇದ್ದ ಅಂಗಳಕ್ಕೇ ಶಾಲೆಯನ್ನು ಒಯ್ದರು. ಸಂಶಿಯ ಅಜ್ಜಿಯರಿಗೆ ಗೊತ್ತಿದ್ದುದನ್ನೇ ಇವರೆಲ್ಲ ಬೇರೆ ದಾರಿಯಲ್ಲಿ ಬಂದು ಕಂಡುಕೊಂಡರು ಎಂದರೆ ತಪ್ಪಾಗಲಾರದು.

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಹೀಗೆ ಬಂದ ಅಂಗನವಾಡಿಯ ಆಟಪಾಠ ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರರೊಳಗಿನ ಕೂಸಿಗೆ ಪೌಷ್ಟಿಕ ಆಹಾರ, ತೂಕ, ಚುಚ್ಚುಮದ್ದಿನ ವ್ಯವಸ್ಥೆಯಾಯಿತು. ಅದರ ಆಟ ಮಾತ್ರ ಮನೆಯ ಪಾಲಿಗೇ ಉಳಿಯಿತು.

ಅಕ್ಕನ ಕಂಕುಳು

ಮನೆಯಲ್ಲಿ ಕೂಸನ್ನು ಆಡಿಸುತ್ತಿದ್ದವರು ಯಾರು? ಹಳೆಯದನ್ನು ಕೊಂಡಾಡುವಾಗ ಈ ಪ್ರಶ್ನೆಯನ್ನು ಮರೆಯುವುದು ಸುಲಭ. ಬಿತ್ತನೆ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಎಂದು ತಾಯಿ ಹೊಲಕ್ಕೆ ಹೋದರೆ ಕೂಸು ಅಜ್ಜಿಯ ಮಡಿಲಿಗೆ, ಇಲ್ಲವೇ ಏಳೆಂಟು ವರ್ಷದ ಅಕ್ಕನ ಕಂಕುಳಿಗೆ. ಕೂಸಿಗೆ ಮಣ್ಣಿನ ರೊಟ್ಟಿ ಬಡಿಯಲು ಕಲಿಸಿದ ಎಷ್ಟೋ ಅಕ್ಕಂದಿರು ಶಾಲೆಯ ಮುಖ ಕಾಣಲಿಲ್ಲ. ತಮ್ಮನ ಆಟದ ಬೆಲೆಯನ್ನು ಅವರ ಓದು ತೆತ್ತಿತು.

ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಇಂದು ಅಕ್ಕ ಶಾಲೆಯಲ್ಲಿರುತ್ತಾಳೆ, ಅದು ಸಂತೋಷದ ಮಾತು. ಆದರೆ ಅವಳು ಬಿಟ್ಟುಹೋದ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಬಂದದ್ದು ಮೊಬೈಲ್ ಫೋನು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಒಂದು ವರ್ಷ ದಾಟಿದ ಕೂಸು ದಿನಕ್ಕೆ ಕನಿಷ್ಠ ಮೂರು ತಾಸು ಮೈ ಆಡಿಸಬೇಕು ಎಂದೂ ಅದು ಹೇಳಿದೆ. ದುಡಿದು ದಣಿದ ತಾಯಿಗೆ ಫೋನು ಕಸಿದುಕೊಳ್ಳಿ ಎಂದು ಬುದ್ಧಿ ಹೇಳುವುದು ಸುಲಭ. ಅವಳು ಕೆಲಸದಲ್ಲಿದ್ದಾಗ ಕೂಸಿನೊಡನೆ ಕೂಡುವವರು ಯಾರು ಎಂಬುದಕ್ಕೆ ಆ ಬುದ್ಧಿಮಾತಿನಲ್ಲಿ ಉತ್ತರವಿಲ್ಲ.

ಉತ್ತರ ಹುಡುಕುವ ಪ್ರಯತ್ನಗಳು ನಡೆದಿವೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿತು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಆಟ-ಮಾತುಗಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನಾ' ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಕೂಸಿಗೆ ಯಾವ ತಿಂಗಳಲ್ಲಿ ಯಾವ ಆಟ ಆಡಿಸಬಹುದೆಂಬ 36 ತಿಂಗಳ ಪಟ್ಟಿ ಅದರಲ್ಲಿದೆ. ಅಂಗನವಾಡಿಯ ಬಾಗಿಲಲ್ಲೇ ನಿಂತಿದ್ದ ಮೂರರೊಳಗಿನ ಕೂಸಿನ ಆಟಕ್ಕೆ ಹೀಗೆ ಸರ್ಕಾರದ ಕಡತದಲ್ಲಿ ಜಾಗ ಸಿಕ್ಕಿತು.

ಇಂದು ಹುಬ್ಬಳ್ಳಿ-ಧಾರವಾಡದ ಪೇಟೆಗಳಲ್ಲಿ ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಮಣ್ಣೆತ್ತುಗಳ ಸಾಲೇ ಮಾರಾಟಕ್ಕಿರುತ್ತದೆ. ಮೊದಲಿನಿಂದಲೂ ಕುಂಬಾರರು ಎತ್ತು ಕೊಟ್ಟು ಕಾಳು ಪಡೆಯುತ್ತಿದ್ದರು, ಹೀಗಾಗಿ ಕೊಳ್ಳುವುದರಲ್ಲಿ ದೋಷವೇನಿಲ್ಲ. ಆದರೆ ಕೊಂಡು ತಂದ ಎತ್ತಿನ ಜೊತೆಗೆ ಕೂಸಿನ ಪಾಲಿನ ಒಂದು ಹಿಡಿ ಹಸಿಮಣ್ಣು ಬರುವುದಿಲ್ಲ. ಕೂಸಿಗೆ ಬೇಕಾದುದು ಆ ಮಣ್ಣು, ಅದರ ಜೊತೆಗೆ ಅರ್ಧ ತಾಸು ಮಗ್ಗುಲಲ್ಲಿ ಕೂಡುವ ಒಬ್ಬ ಹಿರಿಯರು. ಎರೆಮಣ್ಣಿಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. ಆ ಅರ್ಧ ತಾಸನ್ನು ತಾಯಿ, ತಂದೆ, ಅಜ್ಜ, ಅಜ್ಜಿ, ಪಂಚಾಯಿತಿಗಳು ಹೇಗೆ ಹಂಚಿಕೊಳ್ಳುತ್ತವೆ ಎಂಬುದರ ಮೇಲೆ ಈ ಆಟಗಳ ಮುಂದಿನ ಇತಿಹಾಸ ನಿಂತಿದೆ.