ಕೃಷ್ಣಗಿರಿಯ ಅಕ್ಷಯನೀವಿ

ಠಾಣೆ ನಗರದ ಪಶ್ಚಿಮಕ್ಕೆ ಯೇವೂರಿನ ಬೆಟ್ಟಸಾಲಾಗಿ ಎದ್ದು, ತುಳಸಿ ಮತ್ತು ವಿಹಾರ ಎಂಬೆರಡು ಸರೋವರಗಳನ್ನು ಒಳಗಿಟ್ಟುಕೊಂಡು, ಬೋರಿವಲಿಯ ತನಕ ಹಬ್ಬಿರುವ ನೂರು ಚದರ ಕಿಲೋಮೀಟರಿಗೂ ಮಿಕ್ಕ ಅರಣ್ಯವನ್ನು ಈಗ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಕರೆಯುತ್ತಾರೆ. ಮಹಾನಗರದ ಗೋಡೆಗಳು ಎಲ್ಲ ದಿಕ್ಕಿನಿಂದ ಒತ್ತಿಕೊಂಡು ಬಂದರೂ ಚಿರತೆಗಳು ಇಂದಿಗೂ ಮರಿಮಾಡುವ ಈ ಕಾಡಿನ ನಡುವೆ, ಕಪ್ಪು ಬಸಾಲ್ಟ್ ಬಂಡೆಯನ್ನು ಕೊರೆದು ಮಾಡಿದ ಕನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳಿವೆ. ಅವುಗಳ ಗೋಡೆಗಳ ಮೇಲೆ, ತೊಟ್ಟಿಗಳ ಪಕ್ಕದಲ್ಲಿ, ಅರಸರ ದಿಗ್ವಿಜಯಗಳಿಗಿಂತ ಹೆಚ್ಚಾಗಿ ಸಾಮಾನ್ಯ ಜನರು ತಮ್ಮ ದುಡಿಮೆಯಿಂದ ಕೊಟ್ಟ ಕಾಣಿಕೆಗಳ ವಿವರಗಳು ಕೆತ್ತಲ್ಪಟ್ಟಿವೆ. ಓಡಿ, ನಡೆದು, ಹಕ್ಕಿಗಳನ್ನೆಣಿಸಿ, ಯಾವುದಾದರೊಂದು ಕಷ್ಟಸಾಧ್ಯವಾದ ಪಣವನ್ನು ತೊಟ್ಟು, ವನ್ಯಜೀವಿಗಳ ನೆಲೆಗಾಗಿ ಹಣ ಕೂಡಿಸುವ ಇಂದಿನ ಪದ್ಧತಿಯು ಪಶ್ಚಿಮ ದೇಶಗಳಿಂದ ನಿನ್ನೆ ಮೊನ್ನೆ ಬಂದದ್ದೆಂದು ಭಾವಿಸುವವರು ಒಮ್ಮೆ ಈ ಕನ್ಹೇರಿಯ ಶಾಸನಗಳನ್ನು ನೋಡಬೇಕು.

ಕೃಷ್ಣಗಿರಿ ಎಂಬುದು ಆ ಬೆಟ್ಟದ ಹಳೆಯ ಹೆಸರು. ಕ್ರಿಸ್ತಶಕದ ಆದಿಯಿಂದ ಸುಮಾರು ಸಾವಿರ ವರ್ಷ ಅಲ್ಲಿ ಬೌದ್ಧ ಭಿಕ್ಷುಗಳು ವಾಸಿಸಿದರು. ಅವರ ಯೋಗಕ್ಷೇಮವನ್ನು ವಹಿಸಿಕೊಂಡವರು ಸೋಪಾರ, ಚೌಲ ಮತ್ತು ಕಲ್ಯಾಣ ಎಂಬ ಬಂದರುಗಳ ಜನ. ಇಂದು ಲೋಕಲ್ ರೈಲುಗಳ ಗದ್ದಲದಲ್ಲಿ ಮುಳುಗಿರುವ ಕಲ್ಯಾಣವು ಆ ಕಾಲದಲ್ಲಿ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಹೆಸರು ಪಡೆದಿದ್ದ ಪಟ್ಟಣ. ಅಲ್ಲಿಯ ವರ್ತಕರು ಗುಹೆಗಳನ್ನು ಕೊರೆಯಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಧನಿಕರು ಯಾವ ಕಾಲದಲ್ಲಿಯೂ ಕಟ್ಟಿಸಿದ್ದಾರೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವವರು ಬೇರೆ ಇಬ್ಬರು. ಕಲ್ಯಾಣದ ಅಕ್ಕಸಾಲಿಗನೊಬ್ಬನು ಈ ಬೆಟ್ಟದಲ್ಲಿ ಒಂದು ನೀರಿನ ತೊಟ್ಟಿಯನ್ನು ಮಾಡಿಸಿಕೊಟ್ಟನು. ಅದೇ ಊರಿನ ಕಮ್ಮಾರನೊಬ್ಬನು ಒಂದು ಕಾಲುದಾರಿಯನ್ನು ದಾನಮಾಡಿದನು. ಇಡೀ ಗುಹೆಯೊಂದನ್ನು ಕೊರೆಯಿಸಲು ಶಕ್ತಿ ಸಾಲದವನು, ನಡೆಯುವವರ ಕಾಲಿಗೆ ಬೇಕಾದಷ್ಟು ದಾರಿಯನ್ನು ತನ್ನ ಪಾಲಿಗೆ ಆರಿಸಿಕೊಂಡನು. ಅಂತಹ ತೊಟ್ಟಿಗಳನ್ನು ಇಂದಿಗೂ ಅಲ್ಲಿ ನೋಡಬಹುದು: ಮಳೆ ಬಿದ್ದಾಗ ಬಂಡೆಯ ನೆತ್ತಿಯಿಂದ ಇಳಿಯುವ ನೀರು, ಉಳಿಯಲ್ಲಿ ಕೊರೆದ ಬೆರಳಗಲದ ಕಾಲುವೆಗಳಲ್ಲಿ ಹರಿದು, ಗುಹೆಯ ಬಾಗಿಲ ಪಕ್ಕದ ಚೌಕಾಕಾರದ ಬಾಯೊಳಕ್ಕೆ ಇಳಿಯುತ್ತದೆ.

ಇವುಗಳಿಗಿಂತಲೂ ಸೂಕ್ಷ್ಮವಾದದ್ದು ಅಕ್ಷಯನೀವಿಯ ಪದ್ಧತಿ. ದಾನಿಯು ಒಂದು ಮೊತ್ತವನ್ನೋ ಒಂದು ಹೊಲವನ್ನೋ ಶಾಶ್ವತವಾಗಿ ಒಪ್ಪಿಸುತ್ತಿದ್ದನು. ಮೂಲಧನವನ್ನು ಯಾರೂ ಮುಟ್ಟಕೂಡದು. ಅದರ ಬಡ್ಡಿಯಿಂದ ಅಥವಾ ಉತ್ಪತ್ತಿಯಿಂದ ಮಳೆಗಾಲದಲ್ಲಿ ಬೆಟ್ಟದ ಮೇಲೆ ನಿಲ್ಲುವ ಭಿಕ್ಷುವಿಗೆ ವರ್ಷವರ್ಷವೂ ಚೀವರವು, ಎಂದರೆ ಉಡುವ ಬಟ್ಟೆಯು, ಸಲ್ಲಬೇಕು. ಈ ಪದ್ಧತಿಯು ನಮ್ಮ ಕನ್ನಡದ ಚರಿತ್ರೆಯನ್ನೂ ಬಂದು ಮುಟ್ಟುತ್ತದೆ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕವಿರಾಜಮಾರ್ಗದ ಹೆಸರಿನೊಡನೆ ನಾವು ಸದಾ ನೆನೆಯುವ ಅಮೋಘವರ್ಷನ ಹೆಸರು ಕನ್ಹೇರಿಯ ಬಂಡೆಯ ಮೇಲೆಯೂ ಇದೆ. ಶಿಲಾಹಾರ ಕಪರ್ದಿಯ ಕಾಲದ, ಶಕವರ್ಷ 775ರ ಶಾಸನದಲ್ಲಿ ದೂರದ ಗೌಡದೇಶದಿಂದ ಬಂದ ಉಪಾಸಕನೊಬ್ಬನು ನೂರು ದ್ರಮ್ಮ ನಾಣ್ಯಗಳನ್ನು ಅಕ್ಷಯನೀವಿಯಾಗಿ ಇಟ್ಟ ಸಂಗತಿಯಿದೆ. ಅದಕ್ಕೆ ಹಿಂದಿನ ಶಿಲಾಹಾರ ಅರಸ ಪುಲ್ಲಶಕ್ತಿಯ ಕಾಲದ ದಾನವೊಂದರಲ್ಲಿ ಪೂಜೆಗೆ, ಚೀವರಕ್ಕೆ, ಒಡೆದದ್ದರ ದುರಸ್ತಿಗೆ, ಕಡೆಗೆ ಪುಸ್ತಕಗಳಿಗೆ ಸಹ, ಹಣವನ್ನು ಬೇರೆಬೇರೆಯಾಗಿ ಹಂಚಿ ಗೊತ್ತುಮಾಡಲಾಗಿದೆ. ದುರಸ್ತಿಗೆಂದು ಮುಂದಾಗಿಯೇ ಹಣವನ್ನು ತೆಗೆದಿರಿಸಿದ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಆ ದಾನಿಗಳು ಚಿರತೆಗಾಗಿ ಕೊಡಲಿಲ್ಲವೆಂಬುದು ನಿಜ. ಅವರ ಲಕ್ಷ್ಯವಿದ್ದದ್ದು ಪುಣ್ಯದ ಮೇಲೆ. ಆದರೆ ಕಾಡಿನೊಳಗೆ ವಾಸಿಸುವವರಿಗಾಗಿ ಪಟ್ಟಣದವನು ತನ್ನ ಸಂಪಾದನೆಯಲ್ಲಿ ಒಂದು ಭಾಗವನ್ನು ಮೀಸಲಿಡಬೇಕು, ಅದು ಒಂದು ದಿನದ ಉತ್ಸವದಲ್ಲಿ ಖರ್ಚಾಗಿ ಹೋಗದಂತೆ ಕಟ್ಟು ಮಾಡಬೇಕು, ಅದರ ಲೆಕ್ಕವು ಎಲ್ಲರ ಕಣ್ಣಿಗೂ ಬೀಳುವಂತಿರಬೇಕು ಎಂಬ ಮೂರು ಮಾತುಗಳು ಈ ನೆಲದಲ್ಲಿ ಅಂದೇ ಸ್ಥಿರವಾಗಿದ್ದವು.

ಮುಂದೆ ಬಹುಕಾಲ ಈ ಕಾಡನ್ನು ಕಾಯುವ ದಾನಿಗಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಬಾಯಾರಿಕೆಯನ್ನು ತಣಿಸಲು 1860ರಲ್ಲಿ ವಿಹಾರ, 1879ರಲ್ಲಿ ತುಳಸಿ ಸರೋವರಗಳು ಸಿದ್ಧವಾದುವು. ಕೆರೆಯ ಜಲಾನಯನವನ್ನು ಕಾಯಬೇಕಾದ ಕಾರಣದಿಂದ ಸುತ್ತಣ ಮರಗಳೂ ಉಳಿದವು. 1883ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ, ಅವರಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರು, ಸೇರಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದರು. ಮುಂದೆ ಆ ಸಂಘದ ಪ್ರಾಣವಾಗಿದ್ದ ಪಕ್ಷಿತಜ್ಞ ಸಾಲಿಂ ಅಲಿಯವರು ತಮಗೆ ಬಂದ ಅಂತಾರಾಷ್ಟ್ರೀಯ ಪುರಸ್ಕಾರದ ಹಣವನ್ನು ಮನೆಗೆ ಒಯ್ಯದೆ, ನಿಸರ್ಗರಕ್ಷಣೆಯ ಶಾಶ್ವತ ನಿಧಿಯೊಂದಕ್ಕೆ ಮೂಲಧನವನ್ನಾಗಿ ಮಾಡಿದರು. ಕೃಷ್ಣಗಿರಿಯ ಶಾಸನಗಳನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿರಲಾರರು. ಆದರೂ ಅವರು ಮಾಡಿದ್ದು ಅಕ್ಷಯನೀವಿಯೇ.

ಪಣತೊಟ್ಟು ಹಣ ಕೂಡಿಸುವ ಪದ್ಧತಿಯು ಈಗಿನ ರೂಪದಲ್ಲಿ ಹೊರಗೆ ಬೆಳೆದದ್ದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಷ್ಟು ಜಾತಿಯ ಹಕ್ಕಿಗಳನ್ನು ಕಾಣಬಲ್ಲೆವೆಂದು ತಂಡಗಳು ಹೊರಡುವುದು, ಒಂದೊಂದು ಜಾತಿಗೆ ಇಷ್ಟು ಹಣವೆಂದು ಬಂಧುಮಿತ್ರರು ವಾಗ್ದಾನ ಮಾಡುವುದು, ಆ ಹಣವು ಜೌಗುನೆಲಗಳ ರಕ್ಷಣೆಗೆ ಸಲ್ಲುವುದು: 1984ರಲ್ಲಿ ಅಮೆರಿಕದ ನ್ಯೂಜರ್ಸಿಯಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಇಂತಹ ಪಂದ್ಯಗಳು ಮೊದಲಾದುವು. 1987ರಲ್ಲಿ ಸ್ವೀಡನ್ನಿನ ಫಾಗರ್ವಿಕ್ ಎಂಬ ಹಳ್ಳಿಯ ಶಾಲೆಯ ಚಿಕ್ಕ ಮಕ್ಕಳು, ಉಷ್ಣವಲಯದ ಕಾಡುಗಳು ನಾಶವಾಗುತ್ತಿರುವುದನ್ನು ಪಾಠದಲ್ಲಿ ಕೇಳಿ, ಹಾಗಾದರೆ ನಾವೇ ಕೊಂಡು ಉಳಿಸಬಾರದೇಕೆ ಎಂದು ಪ್ರಶ್ನಿಸಿ, ಹಾಡಿ, ಆಡಿ, ತಿಂಡಿಗಳನ್ನು ಮಾರಿ ಕೂಡಿಸಿದ ಹಣದಿಂದ ಕೋಸ್ಟರಿಕಾದ ಮೊಂಟೆವೆರ್ದೆಯಲ್ಲಿ ಕೆಲವು ಹೆಕ್ಟೇರು ಕಾಡನ್ನು ಕೊಂಡರು. ಇತರ ಹಲವು ದೇಶಗಳ ಮಕ್ಕಳು ಅವರನ್ನು ಅನುಸರಿಸಿದುದರಿಂದ ಆ ಮಕ್ಕಳ ಅರಣ್ಯವು ಇಂದು 22,000 ಹೆಕ್ಟೇರಿಗೂ ಮಿಕ್ಕಿದೆ.

ನಮ್ಮ ಕಡೆಗೆ ಈ ಗಾಳಿ ಬೀಸಿದ್ದು ಈ ಶತಮಾನದ ಆರಂಭದಲ್ಲಿ. 2004ರಲ್ಲಿ ಆರಂಭವಾದ ಮುಂಬಯಿಯ ಮ್ಯಾರಥಾನ್ ಓಟವು, ನಾನು ಇಷ್ಟು ದೂರ ಓಡುತ್ತೇನೆ, ನೀವು ಈ ಕಾರ್ಯಕ್ಕೆ ಇಷ್ಟು ಕೊಡಿ ಎಂದು ಕೇಳುವ ಧೈರ್ಯವನ್ನು ಮಧ್ಯಮವರ್ಗದವರಿಗೂ ತಂದುಕೊಟ್ಟಿತು. ಮರುವರ್ಷವೇ, 2005ರಲ್ಲಿ, ಹಕ್ಕಿಗಳ ಪಂದ್ಯವೂ ಮುಂಬಯಿಯಲ್ಲಿ ಮೊದಲಾಯಿತು. ಬೆಳಕು ಹರಿಯುವ ಮೊದಲೇ ತಂಡಗಳು ಯೇವೂರಿನ ಕಾಡಿಗೋ, ಘೋಡಬಂದರಿನ ನಾಗಲಾಕ್ಕೋ, ಕರ್ನಾಳದ ಅಭಯಾರಣ್ಯಕ್ಕೋ, ಉರಣದ ಜೌಗಿಗೋ ಹೊರಡುತ್ತವೆ. ಕಾಡಿನ ಹಕ್ಕಿಗಳನ್ನು ಮುಂಜಾನೆಯಲ್ಲಿ ಮುಗಿಸಿ, ಕಡಲಿನ ಹಿನ್ನೀರಾದ ಖಾಡಿಯ ಹಕ್ಕಿಗಳಿಗಾಗಿ ಇಳಿತದ ವೇಳೆಗೆ ಸರಿಯಾಗಿ ಕೆಸರುಬಯಲನ್ನು ಸೇರಬೇಕು. ಭರತದ ನೀರು ಏರಿಬಿಟ್ಟರೆ ಗದ್ದೆಗೊರವ ಉಲ್ಲಂಕಿಗಳೆಲ್ಲ ಎದ್ದು ಎಲ್ಲಿಯೋ ಮರೆಯಾಗುತ್ತವೆ. ಉಬ್ಬರವಿಳಿತದ ಪಟ್ಟಿಯನ್ನು ಎಂದೂ ನೋಡದ ಬ್ಯಾಂಕಿನ ಗುಮಾಸ್ತನೂ ಶಾಲೆಯ ಉಪಾಧ್ಯಾಯಿನಿಯೂ ಆ ಒಂದು ದಿನ ಕೋಳಿಗಳಷ್ಟೇ ನಿಷ್ಠೆಯಿಂದ ಅದನ್ನು ಓದುತ್ತಾರೆ. ಕೋಳಿಗಳೆಂದರೆ ಇಲ್ಲಿಯ ಮೂಲನಿವಾಸಿಗಳಾದ ಬೆಸ್ತರು. ನಮ್ಮ ಪಂದ್ಯವು ನ್ಯೂಜರ್ಸಿಯದರಂತೆ ಹಣ ಕೂಡಿಸಿತೆನ್ನಲಾರೆ. ಅದು ಕೂಡಿಸಿಕೊಟ್ಟದ್ದು ಆ ನೆಲೆಗಳನ್ನು ಕಣ್ಣಾರೆ ಬಲ್ಲ ನಾಗರಿಕರನ್ನು.

ಅಂತಹ ನಾಗರಿಕರು ಬೇಕಾಗಿಯೇ ಇದ್ದರು. ಠಾಣೆಯ ಖಾಡಿಯುದ್ದಕ್ಕೂ ಬೆಳೆದಿರುವ ಕಾಂಡ್ಲಾ ವನಗಳಿಗೆ 2005ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಆಜ್ಞೆಯಿಂದ ರಕ್ಷಣೆ ದೊರೆತದ್ದು ನಾಗರಿಕರ ಸಂಘವೊಂದು ಹೂಡಿದ ಅರ್ಜಿಯ ಫಲ. 2015ರಲ್ಲಿ ಖಾಡಿಯ ಸುಮಾರು 1,690 ಹೆಕ್ಟೇರು ಪ್ರದೇಶವು ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಳಿಯ ದಡದಿಂದ ಹೊರಡುವ ದೋಣಿಗಳಲ್ಲಿ ಕುಳಿತು, ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿ ಇಟ್ಟು ಸೋಸಿ ತಿನ್ನುವ ಆ ಗುಲಾಬಿ ಬಣ್ಣದ ಹಕ್ಕಿಗಳನ್ನು ನೋಡುವವರು ಕೊಡುವ ಟಿಕೀಟಿನ ಹಣವೂ ಒಂದು ಕಾಣಿಕೆಯೇ, ಏಕೆಂದರೆ ಖಾಡಿಯು ಜೀವಂತವಾಗಿದ್ದರೆ ತಮಗೂ ಜೀವನವುಂಟೆಂದು ಅದರಿಂದ ಅಲ್ಲಿಯ ಮೀನುಗಾರರಿಗೆ ನಂಬಿಕೆ ಬರುತ್ತದೆ. ನವಿ ಮುಂಬಯಿಯ ನೆರೂಳಿನ ಸರೋವರದಲ್ಲಿ 2024ರಲ್ಲಿ ರಾಜಹಂಸಗಳು ಸತ್ತುಬಿದ್ದಾಗ, ಸುತ್ತಣ ಕಟ್ಟಡಗಳ ನಿವಾಸಿಗಳು ಕೈಕೈ ಹಿಡಿದು ಸಾಲಾಗಿ ನಿಂತರು.

ಹಣವು ಎಲ್ಲಿಗೆ ಹೋಗಬೇಕೆಂಬುದಕ್ಕೆ ನನಗೆ ಮೇಲ್ಪಂಕ್ತಿಯಾಗಿ ತೋರುವುದು ನಮ್ಮ ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನಿಸರ್ಗ ಸಂರಕ್ಷಣಾ ಪ್ರತಿಷ್ಠಾನವು ಅರುಣಾಚಲದ ಪಕ್ಕೆ ಅರಣ್ಯದ ಅಂಚಿನಲ್ಲಿ ನಡೆಸುತ್ತಿರುವ ಮಂಗಟ್ಟೆ ಗೂಡುಗಳ ದತ್ತುಕಾರ್ಯ. ಹೆಣ್ಣು ಮಂಗಟ್ಟೆಯು ಮರದ ಪೊಟರೆಯನ್ನು ಹೊಕ್ಕು, ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಸೀಳಿನಷ್ಟು ಕಿಂಡಿಯನ್ನು ಮಾತ್ರ ಬಿಟ್ಟು, ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಹಣ್ಣು ತಂದು ಉಣಿಸುವ ಗಂಡನ್ನು ಯಾರಾದರೂ ಹೊಡೆದರೆ ಒಳಗಿನ ಸಂಸಾರವೇ ನಾಶವಾಗುತ್ತದೆ. ದೂರದ ನಗರಗಳ ಸಾಧಾರಣ ಜನರು ಒಂದೊಂದು ಗೂಡಿಗೆ ಕೊಡುವ ಹಣವು ಆ ಗೂಡನ್ನು ಕಾಯುವ ನ್ಯಿಶಿ ಜನಾಂಗದ ಕಾವಲುಗಾರರ ಸಂಬಳಕ್ಕೆ ಸಲ್ಲುತ್ತದೆ. ಗೂಡಿನ ಸಮಾಚಾರವು ದಾನಿಗೆ ಬರುತ್ತದೆ.

ಇಲ್ಲಿಯೇ ನಮ್ಮ ಈಗಿನ ಪಣಗಳ ಕೊರತೆಯಿರುವುದು. ಒಂದು ಭಾನುವಾರದ ಓಟ, ಒಂದು ಭಾವಚಿತ್ರ, ಮರುವರ್ಷ ಬೇರೊಂದು ಕಾರ್ಯ. ಕಾಡಿನ ವೆಚ್ಚವಾದರೋ ದಿನನಿತ್ಯದ್ದು. ಬೇಸಗೆಗೆ ಮೊದಲು ಬೆಂಕಿಯ ರೇಖೆಗಳನ್ನು ಸವರಬೇಕು, ಖಾಡಿಯ ನೀರು ಒಳಬರುವ ಕಾಲುವೆಗಳಿಂದ ಹೂಳನ್ನೂ ಪ್ಲಾಸ್ಟಿಕ್ಕನ್ನೂ ತೆಗೆಯಬೇಕು, ಕಾವಲುಗಾರನಿಗೆ ಮಳೆಗಾಲದಲ್ಲಿಯೂ ಸಂಬಳ ಸಲ್ಲಬೇಕು. ಅದನ್ನು ಭರಿಸಲು ಪಣದ ಉತ್ಸಾಹವೂ ಬೇಕು, ಅಕ್ಷಯನೀವಿಯ ಕಟ್ಟೂ ಬೇಕು.

ಮುಂಬಯಿ ಪ್ರಾಂತದ ಕನ್ನಡಿಗರಿಗೆ ಇದು ಅಪರಿಚಿತವಾದ ವಿದ್ಯೆಯಲ್ಲ. ಶಾಲೆಗಳಿಗಾಗಿ, ದೇವಾಲಯಗಳಿಗಾಗಿ ಸಹಾಯಾರ್ಥ ನಾಟಕಗಳನ್ನೂ ಯಕ್ಷಗಾನಗಳನ್ನೂ ಆಡಿಸಿ, ಮನೆಮನೆಗೆ ಹೋಗಿ ಟಿಕೀಟು ಮಾರಿ ಕಾಸು ಕೂಡಿಸಿದವರು ನಮ್ಮ ಹಿರಿಯರು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದವರು ಕಡಲನ್ನು ನಂಬಿದ ಜನ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಬರುವ ವರ್ಷದ ಸಹಾಯಾರ್ಥ ಪ್ರದರ್ಶನಗಳಲ್ಲಿ ಒಂದನ್ನು ಈ ಖಾಡಿಗೂ ಯೇವೂರಿನ ಕಾಡಿಗೂ ಮೀಸಲಿಡಿ, ಬಂದ ಹಣವನ್ನು ಬ್ಯಾಂಕಿನಲ್ಲಿ ಮೂಲಧನವಾಗಿಟ್ಟು ಬಡ್ಡಿಯನ್ನು ಮಾತ್ರ ಪ್ರತಿವರ್ಷವೂ ಅಲ್ಲಿಯ ಕಾವಲಿನ ಕೆಲಸಕ್ಕೆ ಕೊಡಿ, ನಿಮ್ಮ ಸ್ಮರಣಸಂಚಿಕೆಯ ಮೊದಲ ಪುಟದಲ್ಲಿ ಅದರ ಲೆಕ್ಕವನ್ನು ಅಚ್ಚುಹಾಕಿಸಿ.