ಸಣ್ಣ ಉದ್ಯಮಗಳ ಸಾಮಾಜಿಕ ಮಾಧ್ಯಮ ಮಾರ್ಕೆಟಿಂಗ್

ಸಣ್ಣ ಉದ್ಯಮಗಳ ಸಾಮಾಜಿಕ ಮಾಧ್ಯಮ ಮಾರ್ಕೆಟಿಂಗ್ ಎಂದರೆ ಹೊಲಿಗೆ ಅಂಗಡಿ, ಬೇಕರಿ, ಮನೆಯಲ್ಲೇ ನಡೆಯುವ ತಿಂಡಿ ತಯಾರಿಕೆ, ಕೈಮಗ್ಗ, ಕರಕುಶಲ ಘಟಕಗಳಂತಹ ಕಡಿಮೆ ಬಂಡವಾಳದ ವ್ಯವಹಾರಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆಪ್, ಯೂಟ್ಯೂಬ್ ಮುಂತಾದ ಸಾಮಾಜಿಕ ಮಾಧ್ಯಮಗಳ ಮೂಲಕ ತಮ್ಮ ಸರಕು ಹಾಗೂ ಸೇವೆಗಳನ್ನು ಪರಿಚಯಿಸುವ, ಗ್ರಾಹಕರೊಡನೆ ಸಂಪರ್ಕ ಬೆಳೆಸುವ ಮತ್ತು ಮಾರಾಟವನ್ನು ಹೆಚ್ಚಿಸಿಕೊಳ್ಳುವ ವಿಧಾನ. ಇದು ಡಿಜಿಟಲ್ ಮಾರ್ಕೆಟಿಂಗ್‌ನ ಒಂದು ಶಾಖೆ. ಈ ಮಾಧ್ಯಮಗಳಲ್ಲಿ ಖಾತೆ ತೆರೆಯಲು ಶುಲ್ಕವಿಲ್ಲ. ಪತ್ರಿಕೆ ಹಾಗೂ ದೂರದರ್ಶನದ ಜಾಹೀರಾತಿಗೆ ಹಣ ಹೊಂದಿಸಲಾಗದ ವ್ಯಾಪಾರಿಯೂ ಇವುಗಳ ಮೂಲಕ ಗ್ರಾಹಕರನ್ನು ತಲುಪಬಹುದು. ಆದರೆ ವೇದಿಕೆಯ ಒಡೆತನವೂ ಅದರ ನಿಯಮಗಳೂ ಬೇರೊಂದು ಕಂಪನಿಯ ಕೈಯಲ್ಲಿರುತ್ತವೆ. ಆದ್ದರಿಂದ ಈ ವಿಧಾನದಲ್ಲಿ ಅನುಕೂಲದ ಜೊತೆಗೆ ಅವಲಂಬನೆಯ ಅಪಾಯವೂ ಇದೆ.

ಪರಿಕಲ್ಪನೆ

ಭಾರತದಲ್ಲಿ ಉದ್ಯಮದ ಗಾತ್ರವನ್ನು 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಅಡಿಯಲ್ಲಿ ನಿರ್ಧರಿಸಲಾಗುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಗಳ ಪ್ರಕಾರ, ಯಂತ್ರೋಪಕರಣಗಳಲ್ಲಿ 2.5 ಕೋಟಿ ರೂಪಾಯಿಯವರೆಗೆ ಹೂಡಿಕೆ ಮತ್ತು 10 ಕೋಟಿ ರೂಪಾಯಿಯವರೆಗೆ ವಾರ್ಷಿಕ ವಹಿವಾಟು ಇರುವುದು ಕಿರು ಉದ್ಯಮ. 25 ಕೋಟಿ ರೂಪಾಯಿಯವರೆಗೆ ಹೂಡಿಕೆ ಮತ್ತು 100 ಕೋಟಿ ರೂಪಾಯಿಯವರೆಗೆ ವಹಿವಾಟು ಇರುವುದು ಸಣ್ಣ ಉದ್ಯಮ. ಸಾಮಾಜಿಕ ಮಾಧ್ಯಮದ ಚರ್ಚೆಯಲ್ಲಿ 'ಸಣ್ಣ ವ್ಯಾಪಾರ' ಎಂಬ ಮಾತು ಹೆಚ್ಚಾಗಿ ಸೂಚಿಸುವುದು ಮಾಲೀಕರೂ ಮನೆಯವರೂ ಸೇರಿ ನಡೆಸುವ ಕಿರು ಉದ್ಯಮಗಳನ್ನೇ.

ದೊಡ್ಡ ಕಂಪನಿಯೊಂದು ತನ್ನ ಹೆಸರು ದೇಶದುದ್ದಕ್ಕೂ ಜನರ ನೆನಪಿನಲ್ಲಿ ಉಳಿಯಲೆಂದು ಜಾಹೀರಾತು ನೀಡುತ್ತದೆ. ಸಣ್ಣ ವ್ಯಾಪಾರಿಯ ಗುರಿ ಇದಕ್ಕಿಂತ ಕಿರಿದು. ಸುತ್ತಲಿನ ಕೆಲವು ಕಿಲೋಮೀಟರ್‌ಗಳಲ್ಲಿರುವ, ಇಲ್ಲವೇ ಒಂದು ನಿರ್ದಿಷ್ಟ ಅಭಿರುಚಿಯ ಕೆಲವು ನೂರು ಗ್ರಾಹಕರು ದೊರೆತರೆ ಅವರ ವ್ಯಾಪಾರ ನಡೆಯುತ್ತದೆ. ಹೀಗಾಗಿ ಸಣ್ಣ ಉದ್ಯಮಗಳ ಸಾಮಾಜಿಕ ಮಾಧ್ಯಮ ಬಳಕೆಯನ್ನು ಬಾಯಿಮಾತಿನ ಪ್ರಚಾರದ ಮುಂದುವರಿಕೆ ಎಂದು ಪರಿಗಣಿಸಬಹುದು. ಒಬ್ಬ ಗ್ರಾಹಕರು ನೆರೆಮನೆಯವರಿಗೆ ಹೇಳುತ್ತಿದ್ದ ಮಾತು ಈಗ ಬಂಧುಗಳ ವಾಟ್ಸ್‌ಆಪ್ ಗುಂಪಿನಲ್ಲಿ ಚಿತ್ರದೊಂದಿಗೆ ಹಂಚಿಕೆಯಾಗುತ್ತದೆ.

ಪ್ರಸಾರದಲ್ಲಿ ಎರಡು ಬಗೆಗಳಿವೆ. ಹಣ ನೀಡದೆ ಸಹಜವಾಗಿ ಜನರನ್ನು ತಲುಪುವ ಬರಹ, ಚಿತ್ರ, ವಿಡಿಯೊಗಳದ್ದು ಉಚಿತ ಪ್ರಸಾರ. ವೇದಿಕೆಗೆ ಹಣ ಕೊಟ್ಟು ಆಯ್ದ ವೀಕ್ಷಕರಿಗೆ ತಲುಪಿಸುವುದು ಪಾವತಿ ಪ್ರಸಾರ.

ಇತಿಹಾಸ

ಫೇಸ್‌ಬುಕ್ 2004ರಲ್ಲಿ ಆರಂಭವಾಯಿತು. 2007ರ ನವೆಂಬರ್‌ನಲ್ಲಿ ಅದು ಉದ್ಯಮಗಳಿಗೆ ಪ್ರತ್ಯೇಕ ಪುಟಗಳನ್ನೂ ಜಾಹೀರಾತು ವ್ಯವಸ್ಥೆಯನ್ನೂ ಒದಗಿಸಿತು. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್ ಅನ್ನು ಫೇಸ್‌ಬುಕ್ 2012ರಲ್ಲಿಯೂ, ವಾಟ್ಸ್‌ಆಪ್ ಅನ್ನು 2014ರಲ್ಲಿಯೂ ಖರೀದಿಸಿತು. ಇನ್‌ಸ್ಟಾಗ್ರಾಮ್‌ನಲ್ಲಿ ಉದ್ಯಮ ಖಾತೆಗಳು 2016ರಲ್ಲಿ ಬಂದವು. ಸಣ್ಣ ವ್ಯಾಪಾರಿಗಳಿಗಾಗಿಯೇ ರೂಪಿಸಿದ ವಾಟ್ಸ್‌ಆಪ್ ಬಿಸಿನೆಸ್ 2018ರ ಜನವರಿಯಲ್ಲಿ ಬಿಡುಗಡೆಯಾಯಿತು. ಸರಕುಗಳ ಚಿತ್ರ ಮತ್ತು ಬೆಲೆಗಳನ್ನು ಜೋಡಿಸಿಡುವ ಕ್ಯಾಟಲಾಗ್ ಸೌಲಭ್ಯ 2019ರಲ್ಲಿ ಇದಕ್ಕೆ ಸೇರಿತು.

ಭಾರತದಲ್ಲಿ ಈ ವಿಧಾನ ಬೇರೂರಲು 2016ರ ಎರಡು ಬೆಳವಣಿಗೆಗಳು ಮುಖ್ಯ ಕಾರಣವಾದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಿಲಯನ್ಸ್ ಜಿಯೊ ಸೇವೆ ಆರಂಭವಾದ ಬಳಿಕ ಮೊಬೈಲ್ ಇಂಟರ್ನೆಟ್ ದರ ತೀವ್ರವಾಗಿ ಇಳಿಯಿತು. ಅದೇ ವರ್ಷ ಬಳಕೆಗೆ ಬಂದ ಯುಪಿಐ ಪಾವತಿ ವ್ಯವಸ್ಥೆಯಿಂದ, ದೂರದ ಊರಿನ ಗ್ರಾಹಕರಿಂದ ಸಣ್ಣ ಮೊತ್ತವನ್ನೂ ಕ್ಷಣಾರ್ಧದಲ್ಲಿ ಪಡೆಯುವುದು ಸಾಧ್ಯವಾಯಿತು. 2020ರಲ್ಲಿ ಕೋವಿಡ್-19 ಲಾಕ್‌ಡೌನ್ ಸಮಯದಲ್ಲಿ ಅಂಗಡಿಗಳು ಮುಚ್ಚಿದಾಗ, ಅದುವರೆಗೆ ಸಾಮಾಜಿಕ ಮಾಧ್ಯಮವನ್ನು ಮನರಂಜನೆಗಷ್ಟೇ ಬಳಸುತ್ತಿದ್ದ ಅನೇಕ ವ್ಯಾಪಾರಿಗಳು ವಾಟ್ಸ್‌ಆಪ್ ಮೂಲಕ ಆರ್ಡರ್ ಪಡೆಯಲಾರಂಭಿಸಿದರು.

ಪ್ರಮುಖ ವೇದಿಕೆಗಳು

ವಾಟ್ಸ್‌ಆಪ್ ಬಿಸಿನೆಸ್: ಇದು ಮುಖ್ಯವಾಗಿ ಈಗಾಗಲೇ ಪರಿಚಯವಿರುವ ಗ್ರಾಹಕರೊಡನೆ ಮಾತುಕತೆ ನಡೆಸುವ ಸಾಧನ. ಅಂಗಡಿಯ ವಿಳಾಸ ಮತ್ತು ವೇಳೆ, ಸ್ವಾಗತ ಸಂದೇಶ, ಪದೇಪದೇ ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರ, 'ಹೊಸ ಆರ್ಡರ್', 'ಹಣ ಬಾಕಿ' ಎಂಬಂತಹ ಗುರುತುಪಟ್ಟಿ ಮುಂತಾದ ಸೌಲಭ್ಯಗಳು ಇದರಲ್ಲಿವೆ. ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳುಹಿಸಿದ ಸಂದೇಶವು ವ್ಯಾಪಾರಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡ ಗ್ರಾಹಕರಿಗಷ್ಟೇ ತಲುಪುತ್ತದೆ. ಆದ್ದರಿಂದ ಮೊದಲ ವ್ಯವಹಾರದಲ್ಲಿಯೇ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಗ್ರಾಹಕರನ್ನು ಕೋರುವುದು ವಾಡಿಕೆ.

ಇನ್‌ಸ್ಟಾಗ್ರಾಮ್: ಸೀರೆ, ಆಭರಣ, ಕೇಕ್, ಗೃಹಾಲಂಕಾರದಂತಹ ಕಣ್ಣಿಗೆ ಕಾಣುವ ಸರಕುಗಳಿಗೆ ಇದು ಹೊಂದುತ್ತದೆ. 2020ರಲ್ಲಿ ಬಂದ ರೀಲ್ಸ್ ಎಂಬ ಕಿರು ವಿಡಿಯೊಗಳು ಖಾತೆಯನ್ನು ಅನುಸರಿಸದವರಿಗೂ ಕಾಣಿಸುವುದರಿಂದ ಹೊಸ ಗ್ರಾಹಕರನ್ನು ತಲುಪಲು ನೆರವಾಗುತ್ತವೆ.

ಫೇಸ್‌ಬುಕ್: ಊರಿನ ಹಾಗೂ ಬಡಾವಣೆಯ ಗುಂಪುಗಳು, ಕೊಡುಕೊಳ್ಳುವಿಕೆಯ ವೇದಿಕೆಗಳು ಇದರಲ್ಲಿ ಉಪಯುಕ್ತ.

ಯೂಟ್ಯೂಬ್: ಬಳಕೆಯ ವಿಧಾನವನ್ನು ವಿವರಿಸಬೇಕಾದ ಸರಕುಗಳಿಗೆ, ಉದಾಹರಣೆಗೆ ಕೃಷಿ ಉಪಕರಣ, ನರ್ಸರಿ ಗಿಡ ಮತ್ತು ಹೊಲಿಗೆ ತರಬೇತಿಗೆ, ಇದು ಸೂಕ್ತ. ಇಲ್ಲಿನ ವಿಡಿಯೊಗಳು ಹುಡುಕಾಟದ ಮೂಲಕ ವರ್ಷಗಳ ನಂತರವೂ ನೋಡುಗರನ್ನು ಪಡೆಯುತ್ತವೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಸಾಮಾಜಿಕ ಮಾಧ್ಯಮವಲ್ಲ. ಆದರೂ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಸ್ಥಳ, ವೇಳೆ ಮತ್ತು ಗ್ರಾಹಕರ ವಿಮರ್ಶೆಗಳನ್ನು ತೋರಿಸುವುದರಿಂದ ಸ್ಥಳೀಯ ವ್ಯಾಪಾರಕ್ಕೆ ಪೂರಕವಾಗಿದೆ.

ಕಾರ್ಯವಿಧಾನ

ಗ್ರಾಹಕರನ್ನು ಗುರುತಿಸುವುದು: ಗ್ರಾಹಕರು ಯಾರು, ಎಲ್ಲಿದ್ದಾರೆ, ಯಾವ ಭಾಷೆಯನ್ನು ಓದುತ್ತಾರೆ, ಯಾವ ವೇದಿಕೆಯನ್ನು ಬಳಸುತ್ತಾರೆ ಎಂಬುದನ್ನು ಆಧರಿಸಿ ವೇದಿಕೆಯನ್ನು ಆರಿಸಲಾಗುತ್ತದೆ. ಮಾಲೀಕರೇ ಎಲ್ಲ ಕೆಲಸ ಮಾಡುವ ಅಂಗಡಿಯಲ್ಲಿ ಐದು ಖಾತೆಗಳನ್ನು ತೆರೆದು ಅರ್ಧಕ್ಕೆ ಬಿಡುವುದಕ್ಕಿಂತ ಒಂದೆರಡನ್ನು ಕ್ರಮವಾಗಿ ನಿರ್ವಹಿಸುವುದು ಹೆಚ್ಚು ಫಲದಾಯಕ. ತಿಂಗಳುಗಟ್ಟಲೆ ಹೊಸದೇನೂ ಕಾಣದ ಪುಟವು ಅಂಗಡಿ ಮುಚ್ಚಿದೆಯೇನೋ ಎಂಬ ಅನುಮಾನ ಮೂಡಿಸುತ್ತದೆ.

ವಿಷಯದ ಸಿದ್ಧತೆ: ಹಗಲಿನ ಬೆಳಕಿನಲ್ಲಿ ತೆಗೆದ ಸ್ಪಷ್ಟ ಚಿತ್ರ, ಅಳತೆ, ತೂಕ, ಬೆಲೆ, ಸಾಗಣೆ ವೆಚ್ಚ ಮತ್ತು ತಲುಪುವ ಅವಧಿ ಒಂದು ಪೋಸ್ಟ್‌ನ ಮೂಲಭೂತ ಅಂಶಗಳು. ಬೆಲೆಯನ್ನು ಮರೆಮಾಚಿ 'ಬೆಲೆಗಾಗಿ ಸಂದೇಶ ಕಳುಹಿಸಿ' ಎಂದು ಬರೆಯುವ ರೂಢಿ ವ್ಯಾಪಕವಾಗಿದೆ. ಇದರಿಂದ ವಿಚಾರಣೆಗಳು ಹೆಚ್ಚಿದರೂ, ಕೊಳ್ಳುವ ಉದ್ದೇಶವಿಲ್ಲದವರಿಗೆ ಉತ್ತರಿಸುವುದರಲ್ಲಿ ಸಮಯ ಕಳೆಯುತ್ತದೆ. ತಯಾರಿಕೆಯ ಹಂತಗಳನ್ನು ತೋರಿಸುವ ವಿಡಿಯೊ ನಂಬಿಕೆಯನ್ನು ಬೆಳೆಸುತ್ತದೆ. ಉದಾಹರಣೆಗೆ, ಇಳಕಲ್ ಸೀರೆಯ ನೇಕಾರರು ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿಗಳಿಂದ ಜೋಡಿಸುವುದನ್ನು ಕಂಡ ಗ್ರಾಹಕರಿಗೆ ಆ ಸೀರೆಯ ಬೆಲೆಯ ಕಾರಣ ಮನವರಿಕೆಯಾಗುತ್ತದೆ.

ಋತುಮಾನ: ವ್ಯಾಪಾರದ ಕಾಲವನ್ನು ಮೊದಲೇ ಲೆಕ್ಕಹಾಕಿ ಪ್ರಚಾರವನ್ನು ಯೋಜಿಸಬೇಕಾಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಮತ್ತು ಸಕ್ಕರೆ ಅಚ್ಚು, ಆಷಾಢದ ರಿಯಾಯಿತಿ ಮಾರಾಟ, ವರಮಹಾಲಕ್ಷ್ಮಿ ಹಬ್ಬದ ಸೀರೆ, ದೀಪಾವಳಿಯ ಹಣತೆ ಇವುಗಳ ಆರ್ಡರ್ ಹಬ್ಬಕ್ಕೆ ಎರಡು ಮೂರು ವಾರ ಮೊದಲು ಬಂದರೆ ಮಾತ್ರ ತಯಾರಿಕೆ ಮತ್ತು ಸಾಗಣೆ ಸಾಧ್ಯ.

ಸಂವಾದ: ಪ್ರಶ್ನೆಗೆ ಬೇಗನೆ, ಸೌಜನ್ಯದಿಂದ ಉತ್ತರಿಸುವುದು ಸಣ್ಣ ಉದ್ಯಮದ ಮುಖ್ಯ ಬಲ. ದೂರು ಬಂದಾಗ ಅದನ್ನು ಅಳಿಸಿಹಾಕುವುದರಿಂದ ನಂಬಿಕೆ ಕುಗ್ಗುತ್ತದೆ. ತಪ್ಪನ್ನು ಒಪ್ಪಿ, ಪರಿಹಾರವನ್ನು ಬಹಿರಂಗವಾಗಿ ತಿಳಿಸಿದರೆ ಅದನ್ನು ಓದುವ ಇತರ ಗ್ರಾಹಕರಿಗೂ ಭರವಸೆ ಮೂಡುತ್ತದೆ.

ಪಾವತಿ ಜಾಹೀರಾತು: ಊರು, ವಯಸ್ಸು, ಆಸಕ್ತಿ ಮುಂತಾದವುಗಳ ಆಧಾರದಲ್ಲಿ ವೀಕ್ಷಕರನ್ನು ಆರಿಸಬಹುದು, ದಿನಕ್ಕೆ ಇಷ್ಟೇ ಖರ್ಚು ಎಂಬ ಮಿತಿಯನ್ನೂ ಹಾಕಬಹುದು. ಉಚಿತವಾಗಿ ಪ್ರಸಾರವಾದಾಗ ಉತ್ತಮ ಪ್ರತಿಕ್ರಿಯೆ ಪಡೆದ ಪೋಸ್ಟ್ ಅನ್ನೇ ಕಡಿಮೆ ಮೊತ್ತದಿಂದ ಪರೀಕ್ಷಿಸುವುದು ಹಣ ಪೋಲಾಗದಂತೆ ತಡೆಯುವ ಒಂದು ಕ್ರಮ.

ಫಲಿತಾಂಶದ ಅಳತೆ

ಮೆಚ್ಚುಗೆ ಮತ್ತು ಅನುಯಾಯಿಗಳ ಸಂಖ್ಯೆ ಸುಲಭವಾಗಿ ಕಾಣುವ ಅಳತೆಗಳಾದರೂ ಅವು ಲಾಭವನ್ನು ಸೂಚಿಸುವುದಿಲ್ಲ. ಹುಬ್ಬಳ್ಳಿಯ ಬೇಕರಿಯ ರೀಲ್ಸ್ ಅನ್ನು ದೂರದ ಊರುಗಳಲ್ಲಿ ಲಕ್ಷ ಜನ ನೋಡಿದರೂ ಆ ದಿನದ ಕೇಕ್ ಮಾರಾಟ ಹೆಚ್ಚಬೇಕೆಂದಿಲ್ಲ. ಹೀಗಾಗಿ ವಿಚಾರಣೆ, ಮಾರಾಟ, ಮರುಖರೀದಿ ಎಂಬ ಮೂರು ಅಂಶಗಳನ್ನು ಲೆಕ್ಕವಿಡುವುದು ಹೆಚ್ಚು ಉಪಯುಕ್ತ.

ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ವ್ಯಾಪಾರಿಯೊಬ್ಬರು ಜಾಹೀರಾತಿಗೆ 1,000 ರೂಪಾಯಿ ವ್ಯಯಿಸಿ 50 ವಿಚಾರಣೆಗಳನ್ನು ಪಡೆದರು, ಅವುಗಳಲ್ಲಿ 10 ಮಾರಾಟವಾದವು ಎಂದಿಟ್ಟುಕೊಳ್ಳೋಣ. ಪ್ರತಿ ವಿಚಾರಣೆಗೆ 20 ರೂಪಾಯಿ, ಪ್ರತಿ ಮಾರಾಟಕ್ಕೆ 100 ರೂಪಾಯಿ ಜಾಹೀರಾತು ವೆಚ್ಚ ತಗುಲಿದಂತಾಯಿತು. ಜಾಹೀರಾತು ವೆಚ್ಚವನ್ನು ಕಳೆಯುವ ಮೊದಲು ಒಂದು ಮಾರಾಟದಲ್ಲಿ 150 ರೂಪಾಯಿ ಉಳಿಯುವುದಾದರೆ ಒಟ್ಟು 1,500 ರೂಪಾಯಿ ಬಂದು, 500 ರೂಪಾಯಿ ಲಾಭ ಉಳಿಯುತ್ತದೆ. ಆರು ಜನರಷ್ಟೇ ಕೊಂಡಿದ್ದರೆ 100 ರೂಪಾಯಿ ನಷ್ಟ. ಆ ಹತ್ತು ಜನರಲ್ಲಿ ಮೂವರು ಮತ್ತೆ ತಾವಾಗಿಯೇ ಬಂದು ಕೊಂಡರೆ, ಹೊಸ ಜಾಹೀರಾತು ವೆಚ್ಚವಿಲ್ಲದೆ ಇನ್ನೂ 450 ರೂಪಾಯಿ ದೊರೆಯುತ್ತದೆ. ಹಳೆಯ ಗ್ರಾಹಕರನ್ನು ಉಳಿಸಿಕೊಳ್ಳುವುದರ ಮಹತ್ವ ಇದರಿಂದ ತಿಳಿಯುತ್ತದೆ. ಮಾಲೀಕರು ಚಿತ್ರೀಕರಣ ಮತ್ತು ಉತ್ತರಿಸುವಿಕೆಗೆ ನೀಡುವ ಸಮಯವೂ ವೆಚ್ಚವೇ ಆಗಿದ್ದು, ಅದನ್ನು ಲೆಕ್ಕದಿಂದ ಬಿಡುವುದು ಸಾಮಾನ್ಯವಾಗಿ ಕಂಡುಬರುವ ದೋಷ.

ಕಾನೂನು ಅಂಶಗಳು

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ವಿಮರ್ಶೆ ಬರೆಯುವಂತಿಲ್ಲ. ಹಣ ಅಥವಾ ಉಡುಗೊರೆ ಪಡೆದು ಸರಕನ್ನು ಹೊಗಳುವ ಪ್ರಭಾವಿಗಳು ಆ ಸಂಬಂಧವನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮನೆಯಲ್ಲಿ ತಯಾರಿಸಿದ ಉಪ್ಪಿನಕಾಯಿ, ಚಟ್ನಿಪುಡಿ, ಸಿಹಿತಿಂಡಿಗಳನ್ನು ಸಾಮಾಜಿಕ ಮಾಧ್ಯಮದ ಮೂಲಕ ಮಾರುವವರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಗ್ರಾಹಕರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸುವುದು, ಚಲನಚಿತ್ರ ಗೀತೆಗಳನ್ನು ಹಕ್ಕು ಪಡೆಯದೆ ಜಾಹೀರಾತಿಗೆ ಅಳವಡಿಸುವುದು ವಿವಾದಕ್ಕೆ ಎಡೆಮಾಡಬಹುದು.

ಮಿತಿಗಳು ಮತ್ತು ಅಪಾಯಗಳು

ವೇದಿಕೆಯ ಮೇಲಿನ ಅವಲಂಬನೆ ಈ ವಿಧಾನದ ಮೂಲಭೂತ ದೌರ್ಬಲ್ಯ. 2018ರ ಜನವರಿಯಲ್ಲಿ ಫೇಸ್‌ಬುಕ್ ಬಂಧುಮಿತ್ರರ ಪೋಸ್ಟ್‌ಗಳಿಗೆ ಆದ್ಯತೆ ನೀಡುವುದಾಗಿ ಪ್ರಕಟಿಸಿದಾಗ, ಉದ್ಯಮ ಪುಟಗಳ ಉಚಿತ ಪ್ರಸಾರಕ್ಕೆ ಹಿನ್ನಡೆಯಾಯಿತು. ಭಾರತ ಸರ್ಕಾರ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ 59 ಆಪ್‌ಗಳನ್ನು ನಿಷೇಧಿಸಿದ್ದರಿಂದ, ಟಿಕ್‌ಟಾಕ್‌ನಲ್ಲಿ ನೋಡುಗರನ್ನು ಗಳಿಸಿದ್ದವರು ಅವರನ್ನು ಒಮ್ಮೆಲೇ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆಪ್ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ಥಗಿತಗೊಂಡವು. ಮೂರೂ ಒಂದೇ ಕಂಪನಿಗೆ ಸೇರಿದ್ದರಿಂದ, ಒಂದರ ಬದಲು ಇನ್ನೊಂದನ್ನು ಬಳಸುವ ದಾರಿಯೂ ಇರಲಿಲ್ಲ.

ಈ ಕಾರಣಗಳಿಂದ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ ಮತ್ತು ಹಿಂದಿನ ಆರ್ಡರ್‌ಗಳ ವಿವರವನ್ನು, ಅವರ ಒಪ್ಪಿಗೆ ಪಡೆದು, ವೇದಿಕೆಯ ಹೊರಗೆ ಪುಸ್ತಕದಲ್ಲಿಯೋ ಕಂಪ್ಯೂಟರಿನಲ್ಲಿಯೋ ಬರೆದಿಡುವುದು ಅಗತ್ಯ. ಖಾತೆ ಮುಚ್ಚಿಹೋದರೂ ವ್ಯಾಪಾರಿಯ ಬಳಿ ಉಳಿಯುವುದು ಆ ಪಟ್ಟಿ ಮಾತ್ರ.

ವಂಚನೆ ಮತ್ತೊಂದು ಅಪಾಯ. ಹಣ ಪಾವತಿಸಿದಂತೆ ನಕಲಿ ಸ್ಕ್ರೀನ್‌ಶಾಟ್ ಕಳುಹಿಸುವುದು, 'ಹಣ ಸ್ವೀಕರಿಸಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದು ನಂಬಿಸುವುದು, ಓಟಿಪಿ ಪಡೆದು ಖಾತೆಯನ್ನೇ ಕದಿಯುವುದು ಸಾಮಾನ್ಯ ವಿಧಗಳು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆಯನ್ನು ನೋಡಿಯೇ ಸರಕು ಕಳುಹಿಸುವುದು ಮತ್ತು ಎರಡು ಹಂತದ ದೃಢೀಕರಣ ಅಳವಡಿಸುವುದು ಮುಖ್ಯ ರಕ್ಷಣಾ ಕ್ರಮಗಳು. ವಂಚನೆ ನಡೆದಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ದೂರು ನೀಡಬಹುದು.

ಕರ್ನಾಟಕದಲ್ಲಿ

ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಧಾರವಾಡ ಪೇಡ, ಬಿದರಿ ಕಲೆ ಮುಂತಾದ ಭೌಗೋಳಿಕ ಸೂಚಕ ಪಡೆದ ಉತ್ಪನ್ನಗಳಿಗೆ ಸಾಮಾಜಿಕ ಮಾಧ್ಯಮವು ಹೊರ ರಾಜ್ಯ ಮತ್ತು ಹೊರ ದೇಶಗಳಲ್ಲಿರುವ ಗ್ರಾಹಕರನ್ನು ನೇರವಾಗಿ ತಲುಪುವ ಅವಕಾಶ ನೀಡಿದೆ. ಇದೇ ಅವಕಾಶ ನಕಲು ಸರಕನ್ನು ಅದೇ ಹೆಸರಿನಲ್ಲಿ ಮಾರುವವರಿಗೂ ಇದೆ. ಭೌಗೋಳಿಕ ಸೂಚಕವನ್ನು ಸುಳ್ಳಾಗಿ ಬಳಸುವುದು 1999ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಮಗ್ಗ, ಚರಕಿ ಮತ್ತು ಕುಶಲಕರ್ಮಿಯ ಕೆಲಸವನ್ನು ತೋರಿಸುವ ವಿಡಿಯೊ ಇಂತಹ ಸಂದರ್ಭದಲ್ಲಿ ಪ್ರಚಾರದ ಜೊತೆಗೆ ಅಸಲಿತನದ ಸಾಕ್ಷಿಯೂ ಆಗುತ್ತದೆ.

ಸ್ಥಳೀಯ ಗ್ರಾಹಕರಿಗೆ ಕನ್ನಡದಲ್ಲಿ ಬರೆಯುವುದು ಆತ್ಮೀಯತೆಯನ್ನು ತರುತ್ತದೆ. ಅನೇಕರು ಸರಕಿನ ಹೆಸರನ್ನು ರೋಮನ್ ಲಿಪಿಯಲ್ಲಿ ಹುಡುಕುವುದರಿಂದ ಎರಡೂ ಲಿಪಿಗಳಲ್ಲಿ ಹೆಸರು ನೀಡುವ ಪದ್ಧತಿಯಿದೆ. ಭಾರತೀಯ ಭಾಷೆಗಳ ಬಳಕೆದಾರರಿಗಾಗಿ ಬೆಂಗಳೂರಿನಲ್ಲಿ 2020ರಲ್ಲಿ ಆರಂಭವಾದ ಕೂ ಎಂಬ ವೇದಿಕೆ ಕನ್ನಡದಲ್ಲಿಯೂ ಲಭ್ಯವಿತ್ತು; 2024ರ ಜುಲೈನಲ್ಲಿ ಅದು ಸ್ಥಗಿತಗೊಂಡಿತು. ಕೇಂದ್ರ ಸರ್ಕಾರದ ಬೆಂಬಲದ ಓಎನ್‌ಡಿಸಿ ಜಾಲವು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗ್ರಾಹಕರಿಗೆ ಪ್ರಾಯೋಗಿಕವಾಗಿ ತೆರೆದುಕೊಂಡಿತು. ಒಂದೇ ಕಂಪನಿಯ ವೇದಿಕೆಗೆ ಅಂಟಿಕೊಳ್ಳದೆ ಸಣ್ಣ ಅಂಗಡಿಗಳೂ ಆನ್‌ಲೈನ್ ಮಾರಾಟ ನಡೆಸುವಂತಾಗಬೇಕು ಎಂಬುದು ಈ ಜಾಲದ ಉದ್ದೇಶ.