ಚೋಮನ ಹೆಸರಿಗೆ 'ಅಪ್ಪ' ಏಕಿಲ್ಲ?

ತೊಂಡೇಬಾವಿ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಮುನಿಯಪ್ಪ, ನಾರಾಯಣಪ್ಪ ಎಂಬ ಹೆಸರುಗಳು ಹೆಚ್ಚು. ಹೆಸರಿನ ಕೊನೆಯ 'ಅಪ್ಪ' ಗೌರವಸೂಚಕ. ಅದನ್ನು ಕಳಚಿದರೆ ಮುನಿಯಪ್ಪ ಬರೀ 'ಮುನಿಯ'. ಯಾರ ಹೆಸರಿಗೆ 'ಅಪ್ಪ' ಉಳಿಯಬೇಕು ಎಂಬುದನ್ನು ನಮ್ಮ ನಾಡಿನಲ್ಲಿ ಬಹುಕಾಲ ನಿರ್ಧರಿಸಿದ್ದು ವಯಸ್ಸಲ್ಲ, ಜಾತಿ. ಒಡೆಯರ ಮನೆಯ ಪುಟ್ಟ ಹುಡುಗನೂ ಮುದಿ ಜೀತದಾಳನ್ನು 'ಬಾರೋ' ಎಂದು ಕರೆಯುವುದು ಮಾಮೂಲಾಗಿತ್ತು.

ಈ ಏಕವಚನದ ಭಾರ ಹೊತ್ತ ಪಾತ್ರವೊಂದು ಕನ್ನಡ ಚಿತ್ರರಂಗದಲ್ಲಿದೆ. ಅದು 'ಚೋಮನ ದುಡಿ'ಯ ಚೋಮ. ಶಿವರಾಮ ಕಾರಂತರ ಕಾದಂಬರಿ ಪ್ರಕಟವಾದದ್ದು 1933ರಲ್ಲಿ; ಬಿ.ವಿ. ಕಾರಂತರು ಅದನ್ನು ತೆರೆಗೆ ತಂದದ್ದು 1975ರಲ್ಲಿ. ಚಿತ್ರಕ್ಕೆ ಸ್ವರ್ಣಕಮಲವೂ ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ದೊರೆತವು.

ಕಥೆ ನಡೆಯುವುದು ದಕ್ಷಿಣ ಕನ್ನಡದಲ್ಲಿ. ಚೋಮನ ಬಳಿ ಎರಡು ಎತ್ತುಗಳಿವೆ. ಉಳಲು ತುಂಡು ಭೂಮಿ ಬೇಕು. ಆದರೆ ಅಸ್ಪೃಶ್ಯನೊಬ್ಬ ಬೇಸಾಯಗಾರನಾಗುವುದು ಊರ ಕಟ್ಟಳೆಗೆ ವಿರುದ್ಧ. ಅವನ ಒಡೆಯ ಸಂಕಪ್ಪಯ್ಯ. ಆ ಒಂದೇ ಹೆಸರಿನಲ್ಲಿ 'ಅಪ್ಪ'ನೂ ಉಂಟು, 'ಅಯ್ಯ'ನೂ ಉಂಟು. ಚೋಮನಿಗೆ ಎರಡೂ ಇಲ್ಲ.

ಮಾತಿನಲ್ಲಿ ದೂರವಿಟ್ಟವನನ್ನು ಸಮಾಜ ಮೈಯಿಂದಲೂ ದೂರವಿಡುತ್ತದೆ. ಚೋಮನ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಿದರೆ ಮೈಲಿಗೆ ಎಂದು ಹಿಂಜರಿಯುತ್ತಾರೆ. ಹೀಗೆ ಬದುಕಿದವನು ತನ್ನನ್ನು ತಾನು ನೋಡಿಕೊಳ್ಳುವುದೂ ಅದೇ ಕಣ್ಣಿನಿಂದ. ಭೂಮಿಯನ್ನು ಅವನು ಹಕ್ಕೆಂದು ಕೇಳಲಾರ, ಬೇಡುತ್ತಾನೆ. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟರೂ ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ದುಡಿ ಬಾರಿಸುವಾಗ ಮಾತ್ರ ಅವನು ಯಾರ ಆಳೂ ಅಲ್ಲ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಪಡಿಸಿತು. ಚಿತ್ರ ಬಂದ ಮರುವರ್ಷ, 1976ರಲ್ಲಿ, ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಪರಿಶಿಷ್ಟರನ್ನು ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಯಿತು. ಜಾತಿಯ ಹೆಸರು ಹಿಡಿದು ಬೈಯುವುದನ್ನು 2015ರ ತಿದ್ದುಪಡಿ ಪ್ರತ್ಯೇಕವಾಗಿಯೇ ಹೆಸರಿಸಿತು.

ಆದರೆ ಬರಿಯ 'ಬಾರೋ' ಕಾನೂನಿನ ಕೈಗೆ ಸುಲಭವಾಗಿ ಸಿಗುವಂಥದಲ್ಲ. ಗೆಳೆಯ ಗೆಳೆಯನನ್ನು, ತಾಯಿ ಮಗನನ್ನು ಕರೆಯುವುದೂ ಅದೇ ಮಾತಿನಿಂದ. ಅಲ್ಲಿ ಅದು ಸಲಿಗೆ. ಕರೆಸಿಕೊಂಡವನು ತಿರುಗಿ ಹಾಗೆ ಕರೆಯಲಾರದ ಕಡೆ ಅದು ಸಂಕೋಲೆ. ಈ ವ್ಯತ್ಯಾಸವನ್ನು ಕಾಯ್ದೆಯಲ್ಲಿ ಬರೆಯುವುದು ಕಷ್ಟ; ಕರೆಯುವ ನಾಲಿಗೆಗೆ ಅದು ಚೆನ್ನಾಗಿಯೇ ಗೊತ್ತು.